ತುಂಬಿದ ಮನೆ, ದಣಿದ ಮನಸ್ಸು: ಬೇಡದ ಸಾಮಾನು ಇಳಿಸುವ ಸಮಗ್ರ ಮಾರ್ಗದರ್ಶಿ

ದಸರಾ ಹತ್ತಿರ ಬಂತೆಂದರೆ ಬಾಗಲಕೋಟೆಯ ಮನೆಮನೆಯಲ್ಲೂ ಒಂದೇ ಗದ್ದಲ. ಹಾಸಿಗೆ, ಕೌದಿ, ಚಾದರ ಎಲ್ಲ ಹೊರಗೆ. ಡಬ್ಬಿ, ಭಾಂಡೆ ಎಲ್ಲ ಅಂಗಳಕ್ಕೆ. ಗೋಡೆ ಜಾಡಿಸಿ, ನೆಲ ತೊಳೆದು, ಕೌದಿ ಒಗೆದು ಒಣಹಾಕುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಆಮೇಲೆ ಏನಾಗುತ್ತದೆ? ಹೊರಗೆ ಬಂದ ಸಾಮಾನೆಲ್ಲ ಒರೆಸಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಮುಚ್ಚಳ ಕಳೆದುಹೋದ ಡಬ್ಬಿ, ಕೆಟ್ಟು ನಿಂತ ಮಿಕ್ಸರ್, ಕಿವಿ ಮುರಿದ ಕಪ್ಪು, ಮಗ ಹತ್ತನೇ ಕ್ಲಾಸಿನಲ್ಲಿದ್ದಾಗಿನ ಗೈಡು. ಮನೆ ಸ್ವಚ್ಛವಾಯಿತು, ಆದರೆ ಸಾಮಾನು ಮಾತ್ರ ಒಂದೂ ಕಮ್ಮಿ ಆಗಲಿಲ್ಲ.

ತೊಳೆಯುವುದು ನಮಗೆ ಚೆನ್ನಾಗಿ ಗೊತ್ತು. ಇಳಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ನಮ್ಮ ಕಡೆಯ ಮನೆ, ನಮ್ಮ ಕಡೆಯ ಸಾಮಾನು, ನಮ್ಮ ಕಡೆಯ ಹಿರಿಯರು, ಇವನ್ನು ಕಣ್ಣೆದುರು ಇಟ್ಟುಕೊಂಡೇ ಬರೆದಿದ್ದೇನೆ.

ಸಾಮಾನಿಗೂ ಮನಸ್ಸಿಗೂ ಏನು ಸಂಬಂಧ?

ಮೂಲೆಯಲ್ಲಿ ಬಿದ್ದ ಒಂದು ಕೆಟ್ಟ ಫ್ಯಾನನ್ನೇ ತೆಗೆದುಕೊಳ್ಳಿ. ಅದು ಸುಮ್ನೆ ಬಿದ್ದಿರುವುದಿಲ್ಲ. ಕಣ್ಣಿಗೆ ಬಿದ್ದಾಗಲೆಲ್ಲ "ರಿಪೇರಿ ಮಾಡಿಸಬೇಕು" ಅನ್ನುವ ಕೆಲಸವನ್ನು ನೆನಪಿಸುತ್ತದೆ. ಅಂಥ ಐವತ್ತು ವಸ್ತು ಮನೆಯಲ್ಲಿದ್ದರೆ ಐವತ್ತು ಕೆಲಸ ಬಾಕಿ ಇದ್ದಂತೆ. ಕೂತರೂ ಆರಾಮ ಅನ್ನಿಸುವುದಿಲ್ಲ. ಏನೋ ಉಳಿದಿದೆ ಅನ್ನುವ ಕಿರಿಕಿರಿ ಇದ್ದೇ ಇರುತ್ತದೆ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಒಂದು ಅಧ್ಯಯನ ಮಾಡಿದರು. ಅದು 2010ರಲ್ಲಿ ಪ್ರಕಟವಾಯಿತು. 60 ಜನರ ಕೈಗೆ ಕ್ಯಾಮೆರಾ ಕೊಟ್ಟು, ಮನೆ ತೋರಿಸುತ್ತಾ ಮಾತಾಡಲು ಹೇಳಿದರು. ಜೊತೆಗೆ ದಿನಕ್ಕೆ ಹಲವು ಸಲ ಅವರ ಜೊಲ್ಲು ಪರೀಕ್ಷಿಸಿ, ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಅಳೆದರು. ಈ ಹಾರ್ಮೋನ್ ಬೆಳಗ್ಗೆ ಜಾಸ್ತಿ ಇದ್ದು, ಸಂಜೆ ಹೊತ್ತಿಗೆ ಚೆನ್ನಾಗಿ ಇಳಿಯಬೇಕು. "ಸಾಮಾನು ತುಂಬಿದೆ, ಕೆಲಸ ಬಾಕಿ ಇದೆ" ಎಂದು ತಮ್ಮ ಮನೆ ಬಗ್ಗೆ ಹೇಳಿಕೊಂಡ ಹೆಂಗಸರಲ್ಲಿ ಅದು ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ದಿನ ಕಳೆದಂತೆ ಅವರ ಮನಸ್ಸೂ ಕುಗ್ಗುತ್ತಿತ್ತು. ಗಂಡಸರಲ್ಲಿ ಈ ಸಂಬಂಧ ಅಷ್ಟು ಕಾಣಲಿಲ್ಲ. ಮನೆಯ ಬಾಕಿ ಕೆಲಸವೆಲ್ಲ ತನ್ನದೇ ತಲೆ ಮೇಲಿದೆ ಅಂತ ಯಾರಿಗೆ ಅನ್ನಿಸುತ್ತದೆಯೋ ಅವರಿಗೇ ಅದರ ಭಾರ ಅಲ್ವಾ? ಸಾಮಾನಿನಿಂದಲೇ ಒತ್ತಡ ಬಂತು ಎಂದು ಈ ಅಧ್ಯಯನ ಖಡಾಖಂಡಿತ ಹೇಳುವುದಿಲ್ಲ. ಎರಡೂ ಜೊತೆಜೊತೆಗೆ ಇರುತ್ತವೆ ಅಂತ ಮಾತ್ರ ಹೇಳುತ್ತದೆ. ಅಡಿಗೆಮನೆಯಲ್ಲಿ ದಿನ ಕಳೆಯುವ ಯಾರಿಗಾದರೂ ಇದು ಹೊಸ ಸುದ್ದಿ ಅಲ್ಲ ಅಂತ ನನಗನ್ನಿಸುತ್ತದೆ.

ಹಾಗಿದ್ದರೂ ಬೇಡದ್ದನ್ನು ಬಿಡುವುದಕ್ಕೆ ಮನಸ್ಸು ಯಾಕೆ ಬರುವುದಿಲ್ಲ? ಇದಕ್ಕೂ ಒಂದು ಹೆಸರಾಂತ ಪ್ರಯೋಗವಿದೆ. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ ಅದನ್ನು ಪ್ರಕಟಿಸಿದರು. ಕೆಲವರ ಕೈಗೆ ಕಾಫಿ ಕುಡಿಯುವ ಮಗ್ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಗ್ ಕೈಯಲ್ಲಿದ್ದವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದಕ್ಕಿಂತ ಎರಡು ಪಟ್ಟಿನ ಆಸುಪಾಸಿತ್ತು. ಕೈಗೆ ಬಂದು ಇನ್ನೂ ಸ್ವಲ್ಪ ಹೊತ್ತಾಗಿಲ್ಲ, ಆಗಲೇ ಅದು "ನಂದು" ಆಗಿಬಿಟ್ಟಿತ್ತು! ಹಾಗಿರುವಾಗ ಇಪ್ಪತ್ತು ವರ್ಷದಿಂದ ಮನೆಯಲ್ಲಿರುವ ವಸ್ತುವಿನ ಮಾತೇನು?

ಆದ್ದರಿಂದ ಕೈಯಲ್ಲಿ ವಸ್ತು ಹಿಡಿದು "ಇದು ಬೇಕಾ?" ಎಂದು ಕೇಳಿಕೊಳ್ಳಬೇಡಿ. ಮನಸ್ಸು ಬೇಕು ಅಂತಲೇ ಹೇಳುತ್ತದೆ. "ಇದೇ ವಸ್ತು ಇವತ್ತು ವಲ್ಲಭಭಾಯಿ ಚೌಕದ ಅಂಗಡಿಯಲ್ಲಿ ಕಂಡರೆ ದುಡ್ಡು ಕೊಟ್ಟು ತರುತ್ತಿದ್ದೆನಾ?" ಎಂದು ಕೇಳಿಕೊಳ್ಳಿ. ಉತ್ತರ ಬೇರೆಯೇ ಬರುತ್ತದೆ.

ಶುರು ಮಾಡುವ ಮುಂಚೆ

ಕಾಲ ನೋಡಿ ಶುರು ಮಾಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸಿಮೆಂಟ್ ಮಾಳಿಗೆ ಕೆಳಗಿನ ಅಟ್ಟದಲ್ಲಿ ಕೂತು ಆರಿಸುವ ಕೆಲಸ ಆಗ ಆಗುವುದಿಲ್ಲ. ಸಂಕ್ರಾಂತಿ ಆಸುಪಾಸು ಅಥವಾ ಶ್ರಾವಣ ಮುಗಿದ ಮೇಲೆ ದಸರಾದೊಳಗೆ ಒಳ್ಳೆಯದು. ಹೊತ್ತು ಬೆಳಗ್ಗೆ ಇರಲಿ. ರಾತ್ರಿ ದಣಿದಾಗ ತೀರ್ಮಾನ ಸರಿ ಬರುವುದಿಲ್ಲ. ಒಂದೋ ಎಲ್ಲ ಬೇಕು ಅನ್ನಿಸುತ್ತದೆ, ಇಲ್ಲ ಸಿಟ್ಟಿನಲ್ಲಿ ಎಲ್ಲ ಎಸೆಯಬೇಕು ಅನ್ನಿಸುತ್ತದೆ.

ಮನೆಮಂದಿಗೆ ಮೊದಲೇ ಹೇಳಿ. ಮುಖ್ಯವಾಗಿ ಇದನ್ನು ಹೇಳಿ: "ನಿಮ್ಮ ಸಾಮಾನು ನಿಮ್ಮನ್ನ ಕೇಳದೆ ಮುಟ್ಟುವುದಿಲ್ಲ." ಈ ಒಂದು ಮಾತಿನಿಂದ ಅರ್ಧ ಜಗಳ ತಪ್ಪುತ್ತದೆ.

ನಾಲ್ಕು ಖಾಲಿ ಚೀಲ ಸಾಕು. ಅಕ್ಕಿ ಬಂದ ಚೀಲವಾದರೂ ನಡೆಯುತ್ತದೆ. ಒಂದು ಕೊಡುವುದಕ್ಕೆ, ಒಂದು ಮಾರುವುದಕ್ಕೆ, ಒಂದು ರಿಪೇರಿಗೆ, ಒಂದು ಕಸಕ್ಕೆ. ಇಟ್ಟುಕೊಳ್ಳುವ ವಸ್ತುವಿಗೆ ಚೀಲ ಬೇಡ, ಅದಕ್ಕೆ ಜಾಗ ಬೇಕು. ಇವುಗಳ ಜೊತೆ ಒಂದು ರಟ್ಟಿನ ಡಬ್ಬ ಇರಲಿ. ತೀರ್ಮಾನ ಆಗದ್ದನ್ನು ಅದರೊಳಗೆ ಹಾಕಿ, ಮೇಲೆ ತಾರೀಖು ಬರೆದು ಅಂಟಿಸಿ. ಆರು ತಿಂಗಳಲ್ಲಿ ಆ ಡಬ್ಬ ತೆಗೆಯುವ ಪ್ರಸಂಗ ಬರಲಿಲ್ಲವೆಂದರೆ ಒಳಗಿರುವುದು ಬೇಡವೆಂದೇ ಅರ್ಥ. ಡಬ್ಬ ಒಂದೇ ಇರಬೇಕು. ಎರಡನೆಯದು ಬಂದರೆ ಅದೂ ಹೊಸ ರಾಶಿಯಾಗುತ್ತದೆ.

ಕಟ್ಟಿಗೆ, ಕಲ್ಲು, ಹಳೆ ಚೀಲ ಒಟ್ಟಿದ ಜಾಗಕ್ಕೆ ಬರಿಗೈ ಹಾಕಬೇಡಿ. ಹಿತ್ತಲಿನಲ್ಲಿ ಚೇಳಿನ ಕಾಟ ನಮಗೆ ಗೊತ್ತಿದ್ದದ್ದೇ. ಮೊದಲು ಉದ್ದನೆ ಕೋಲಿನಿಂದ ಸರಿಸಿ. ದಪ್ಪ ಕೈಗವಸು, ಕಾಲಿಗೆ ಬೂಟು ಇರಲಿ. ಮೂಗಿಗೆ ಬಟ್ಟೆ ಕಟ್ಟಿ. ಧೂಳಿನ ಅಲರ್ಜಿ, ದಮ್ಮು ಇದ್ದವರು ಅಟ್ಟದ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಮೊದಲ ದಿನ: ಒಂದೇ ಒಂದು ಜಾಗ

ಎಲ್ಲರೂ ಅಟ್ಟದಿಂದ ಶುರು ಮಾಡುತ್ತಾರೆ. ಅದು ಬೇಡ. ಅಟ್ಟದ ಸಾಮಾನು ದಿನಾ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಇಡೀ ದಿನ ಬೆವರು ಸುರಿಸಿದರೂ ಕೆಳಗಿನ ಮನೆ ಹೇಗಿತ್ತೋ ಹಾಗೇ ಇರುತ್ತದೆ. ಮರುದಿನ ಹುರುಪು ಇಳಿದುಹೋಗುತ್ತದೆ.

ಪಡಸಾಲೆಯ ಟಿವಿ ಕಟ್ಟೆ ಅಥವಾ ಟೀಪಾಯಿಯಿಂದ ಶುರು ಮಾಡಿ. ಬಾಗಿಲಿಂದ ಒಳಗೆ ಬಂದ ಕೂಡಲೇ ಕಾಣುವ ಜಾಗ ಅದು. ಅದರ ಮೇಲಿರುವುದನ್ನೆಲ್ಲ ನೆಲಕ್ಕೆ ಇಳಿಸಿ. ಪೂರ್ತಿ ಖಾಲಿ ಮಾಡಿ, ಒರೆಸಿ. ಆಮೇಲೆ ಒಂದೊಂದೇ ವಸ್ತು ಎತ್ತಿಕೊಳ್ಳಿ. ಮುಗಿದ ಸೆಲ್, ಯಾವ ಫೋನಿನದೋ ಗೊತ್ತಿಲ್ಲದ ಚಾರ್ಜರ್, ಹೋದ ವರ್ಷದ ಕ್ಯಾಲೆಂಡರ್, ಒಂಟಿ ಕಿವಿಯೋಲೆ, ಮಾತ್ರೆಯ ಖಾಲಿ ಪಟ್ಟಿ. ಪ್ರತಿಯೊಂದಕ್ಕೂ ಆಗಲೇ ತೀರ್ಮಾನ. "ಇದನ್ನ ಆ ಕೋಣೆಯಲ್ಲಿಟ್ಟು ಬರುತ್ತೇನೆ" ಎಂದು ಎದ್ದು ಹೋಗಬೇಡಿ. ಹೋದರೆ ಅಲ್ಲಿಯ ಇನ್ನೊಂದು ಕೆಲಸ ಕೈ ಹಿಡಿಯುತ್ತದೆ. ಬೇರೆ ಕೋಣೆಯ ವಸ್ತುಗಳನ್ನು ಒಂದು ಬುಟ್ಟಿಯಲ್ಲಿ ಹಾಕುತ್ತಾ ಹೋಗಿ, ಕೊನೆಗೆ ಒಂದೇ ಸಲ ಹಂಚಿ.

ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು ತಾಸು ಸಾಕು. ಜಾಗ ಸಣ್ಣದಾದರೂ ಪೂರ್ತಿ ಮುಗಿಯಬೇಕು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಅರ್ಧ ಮಾಡಿದ ನಾಲ್ಕು ಕೋಣೆ ಮನಸ್ಸಿಗೆ ನಾಲ್ಕು ಹೊಸ ಬಾಕಿ. ಪೂರ್ತಿ ಮುಗಿದ ಒಂದು ಟೀಪಾಯಿಯನ್ನು ಹಾದುಹೋಗುವಾಗಲೆಲ್ಲ ನೋಡಿ ಸಮಾಧಾನ ಪಡಬಹುದು. ಆ ಸಮಾಧಾನವೇ ಮುಂದಿನ ಜಾಗಕ್ಕೆ ಕೈ ಹಾಕಿಸುತ್ತದೆ.

ಅಡಿಗೆಮನೆ

ಇಲ್ಲಿ ತಿನ್ನುವ ಪದಾರ್ಥದಿಂದ ಶುರು ಮಾಡಿ, ಪಾತ್ರೆಯಿಂದ ಅಲ್ಲ. ಯಾಕೆಂದರೆ ಕೆಟ್ಟ ಪದಾರ್ಥವನ್ನು ತೆಗೆಯುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಗಳಲ್ಲಿ ಎಣ್ಣೆ ಅಂಶ ಜಾಸ್ತಿ. ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಮೂಸಿ ನೋಡಿ, ಬಂದಿದ್ದರೆ ತೆಗೆಯಿರಿ. ತಳದಲ್ಲಿ ಒಂದು ಚಮಚ ಉಳಿದ ಮೂರು ಡಬ್ಬಿ ಜೀರಿಗೆ ಇದ್ದರೆ ಒಂದರಲ್ಲಿ ಕೂಡಿಸಿ. ಜೋಳದ ಚೀಲದಲ್ಲಿ ನುಸಿ ಬಿದ್ದಿದ್ದರೆ ಅದು ಪಕ್ಕದ ಕಾಳಿಗೂ ಹೋಗುತ್ತದೆ. ಬಿಸಿಲಿಗೆ ಹಾಕಿ, ಕೇರಿ, ಚೀಲ ಬದಲಿಸಿ.

ಆಮೇಲೆ ಡಬ್ಬಿಗಳು. ಎಲ್ಲ ಡಬ್ಬಿ, ಎಲ್ಲ ಮುಚ್ಚಳ ನೆಲದ ಮೇಲೆ ಹರವಿ ಜೋಡಿ ಕೂಡಿಸಿ. ಜೋಡಿ ಸಿಗದ್ದು ಹೊರಗೆ. ಹೊಟೇಲಿಂದ ಪಾರ್ಸೆಲ್ ಬಂದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮತ್ತೆ ಬಿಸಿ ಸಾರು ಹಾಕಬಾರದು. ಬೇಕಾದರೆ ಗುಂಡಿ, ಸೂಜಿ ಇಡಲು ಎರಡು ಇಟ್ಟುಕೊಂಡು ಉಳಿದದ್ದು ಒಣ ಕಸಕ್ಕೆ ಹಾಕಿ. ಮೇಲಿನ ಪದರ ಎದ್ದುಹೋದ ನಾನ್‌ಸ್ಟಿಕ್ ತವೆಯನ್ನೂ ತೆಗೆಯಿರಿ.

ರೊಟ್ಟಿ ಹಂಚು, ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ, ಬೀಸುವ ಕಲ್ಲು? ಬಳಸುತ್ತಿದ್ದರೆ ಪ್ರಶ್ನೆಯೇ ಇಲ್ಲ. ಬಳಸುತ್ತಿಲ್ಲ, ಆದರೂ ಬಿಡಲು ಮನಸ್ಸಿಲ್ಲ ಅಂದರೆ ಅವನ್ನು ಅಡಿಗೆ ಸಾಮಾನು ಎಂದು ನೋಡಬೇಡಿ. ಅವು ನೆನಪಿನ ಸಾಮಾನು. ಅವುಗಳ ಪಾಳಿ ಕೊನೆಗೆ.

ಅರಿವೆಯ ಕಪಾಟು

ಇದು ಬಹಳ ಹೊತ್ತು ಹಿಡಿಯುವ ಜಾಗ. ಯಾಕೆಂದರೆ ನಮ್ಮ ಕಡೆ ಅರಿವೆ ಅಂದರೆ ಉಡುವುದಕ್ಕೆ ಮಾತ್ರ ಅಲ್ಲ. ಲಗ್ನ, ಸೀಮಂತ, ಮನೆ ಶಾಂತಿ, ಎಲ್ಲದಕ್ಕೂ ಆಯಾರ, ಅಂದರೆ ಅರಿವೆಯ ಉಡುಗೊರೆ. ಉಡಿ ತುಂಬಿದಾಗಲೆಲ್ಲ ಒಂದು ಕುಪ್ಪಸದ ಖಣ. ಹತ್ತು ವರ್ಷ ಸಂಸಾರ ಮಾಡಿದವಳ ಕಪಾಟಿನಲ್ಲಿ ಹೊಲಿಸದೇ ಉಳಿದ ಖಣಗಳದ್ದೇ ಒಂದು ಗಂಟು ಇರುತ್ತದೆ.

ಇಂಥ ಖಣ ಕೈಯಿಂದ ಕೈಗೆ ಹೋಗಬೇಕಾದದ್ದು. ಅದನ್ನು ಇನ್ನೊಬ್ಬರ ಉಡಿಗೆ ಹಾಕುವುದರಲ್ಲಿ ಸಂಕೋಚ ಬೇಡ. ನಿಮಗೆ ಒಪ್ಪುವ ಬಣ್ಣದ ಐದಾರು ತೆಗೆದು ಇದೇ ವಾರ ಹೊಲಿಯಲು ಕೊಡಿ. ಉಳಿದವನ್ನು ಒಂದು ಡಬ್ಬಿಯಲ್ಲಿಟ್ಟು, ಮನೆಗೆ ಬಂದ ಮುತ್ತೈದೆಯರಿಗೆ ಉಡಿ ತುಂಬುವಾಗ ಅದರಿಂದಲೇ ತೆಗೆಯಿರಿ. ಡಬ್ಬಿ ಖಾಲಿಯಾಗುವವರೆಗೆ ಪೇಟೆಗೆ ಹೋಗಿ ಹೊಸದು ತರಬೇಡಿ. ಯಾರು ಕೊಟ್ಟದ್ದು ಎಂದು ಸಣ್ಣ ಚೀಟಿ ಸಿಕ್ಕಿಸಿದರೆ ಕೊಟ್ಟವರಿಗೇ ವಾಪಸ್ ಹೋಗುವ ಮುಜುಗರ ತಪ್ಪುತ್ತದೆ.

ಇಳಕಲ್ ಸೀರೆಗಳ ಮಾತು ಬೇರೆ. ಟೋಪ್ ತೆನಿ ಸೆರಗಿನ ಹಳೆ ರೇಷ್ಮೆ ಇಳಕಲ್ ಇದ್ದರೆ ಅದನ್ನು ಬೇಡದ ಸಾಮಾನಿನ ಲೆಕ್ಕಕ್ಕೇ ತರಬೇಡಿ. ಆದರೆ ಸರಿಯಾಗಿ ಇಡಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ. ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡಿ.

ಸವೆದ ಹತ್ತಿ ಸೀರೆ, ಧೋತರ, ಚಾದರ ಕೌದಿಗೆ. ಸಿಂಥೆಟಿಕ್ ಸೀರೆ ಕೌದಿಗೆ ಬಾರದು. ಜಾರುತ್ತದೆ, ಬೆವರು ಹೀರುವುದಿಲ್ಲ. ಕೌದಿಗೆ ಎಂದು ತೆಗೆದಿಟ್ಟ ಗಂಟನ್ನು ಈ ಚಳಿಗಾಲದೊಳಗೆ ಹೊಲಿಯುವವರಿಗೆ ಕೊಡಬೇಕು. ಇಲ್ಲದಿದ್ದರೆ ಅದು ಕೌದಿಯೂ ಆಗುವುದಿಲ್ಲ, ಅರಿವೆಯೂ ಆಗುವುದಿಲ್ಲ, ಗಂಟಾಗಿಯೇ ಉಳಿಯುತ್ತದೆ.

ಇನ್ನು "ಬಣ್ಣಕ್ಕ ಬೇಕಾಗ್ತಾವ" ಎಂದು ಇಟ್ಟ ಅರಿವೆಗಳು. ಬಾಗಲಕೋಟೆಯ ಹೋಳಿ ದಿನಗಟ್ಟಲೆ ನಡೆಯುತ್ತದೆ, ಒಪ್ಪಿದೆ. ಒಬ್ಬರಿಗೆ ಎರಡು ಜೊತೆ ಇಟ್ಟುಕೊಳ್ಳಿ. ಒಂದು ಟ್ರಂಕು ಬೇಡ.

ಮೈಗೆ ಬಿಗಿಯಾದ ಅರಿವೆಗಳನ್ನು "ತೆಳ್ಳಗಾದ ಮೇಲೆ" ಎಂದು ಇಟ್ಟುಕೊಳ್ಳುವ ಹೆಂಗಸರಿಗೆ, ಗಂಡಸರಿಗೆ ನನ್ನದೊಂದು ಮಾತು. ಕಪಾಟು ತೆಗೆದಾಗಲೆಲ್ಲ ಆ ಅರಿವೆ ನಿಮ್ಮನ್ನು ಬೈಯುತ್ತದೆ. ಈಗಿನ ಮೈಗೆ ಸರಿಹೋಗುವುದನ್ನು ಮುಂದೆ ಇಡಿ, ಉಳಿದದ್ದು ಇನ್ನೊಬ್ಬರ ಮೈಮೇಲೆ ಚೆಂದ ಕಾಣಲಿ.

ಕಾಗದ ಪತ್ರ

ಇಲ್ಲಿ ಅವಸರ ಮಾಡಬೇಡಿ. ಬೇರೆ ಏನು ಹೋದರೂ ಮತ್ತೆ ತರಬಹುದು, ಕೆಲವು ಕಾಗದ ಹೋದರೆ ವರ್ಷಗಟ್ಟಲೆ ಕಚೇರಿ ಅಲೆಯಬೇಕಾಗುತ್ತದೆ.

ಎಂದೆಂದಿಗೂ ಇಡಬೇಕಾದದ್ದು: ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ, ಉತಾರ (ಪಹಣಿ), ಹಕ್ಕುಪತ್ರ, ಜನನ ಮರಣ ಪ್ರಮಾಣಪತ್ರ, ಅಂಕಪಟ್ಟಿ, ಪಿಂಚಣಿ ಆದೇಶ, ವಿಮೆಯ ಬಾಂಡು. ನಮ್ಮ ಜಿಲ್ಲೆಯವರು ಇದಕ್ಕೆ ಇನ್ನೊಂದು ಸೇರಿಸಬೇಕು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಸಂಬಂಧಿಸಿದ ಪ್ರತಿಯೊಂದು ಹಾಳೆ. ಸ್ವಾಧೀನದ ನೋಟೀಸು, ಪರಿಹಾರದ ಆದೇಶ, ನಿವೇಶನ ಹಂಚಿಕೆ ಪತ್ರ, ಯೋಜನಾ ನಿರಾಶ್ರಿತರ ಪ್ರಮಾಣಪತ್ರ. ಮೊಮ್ಮಕ್ಕಳ ನೌಕರಿ ಅರ್ಜಿಗೋ ಕೋರ್ಟಿನ ಕೆಲಸಕ್ಕೋ ಇವು ಎಂದಾದರೂ ಬೇಕಾಗಬಹುದು. ಅರ್ಧ ಹರಿದ ಹಾಳೆ ಕೂಡ ಎಸೆಯಬೇಡಿ. ಒಂದು ಗಟ್ಟಿ ಫೈಲಿನಲ್ಲಿ ಹಾಕಿ, ಫೋನಿನಲ್ಲಿ ಫೋಟೋ ತೆಗೆದು, ಮನೆಯ ಇಬ್ಬರ ಹತ್ತಿರ ಇಡಿ. ಲ್ಯಾಮಿನೇಷನ್ ಮಾಡಿಸಬೇಡಿ. ಹಳೆ ಕಾಗದ ಬಿಸಿಗೆ ಹಾಳಾಗಬಹುದು, ಮೂಲಪತ್ರ ಪರಿಶೀಲಿಸುವಾಗ ತಕರಾರು ಬರಬಹುದು.

ಆದಾಯ ತೆರಿಗೆಯ ಕಾಗದ ಏಳೆಂಟು ವರ್ಷ ಇದ್ದರೆ ಒಳ್ಳೆಯದು. ಲೈಟ್ ಬಿಲ್, ನೀರಿನ ಬಿಲ್ ಕಟ್ಟಿದ ಮೇಲೆ ಒಂದು ವರ್ಷ ಸಾಕು. ಎಟಿಎಂ ಚೀಟಿ, ಅಂಗಡಿಯ ನುಣುಪು ಕಾಗದದ ಬಿಲ್ ತಾನಾಗಿಯೇ ಅಳಿಸಿಹೋಗುತ್ತವೆ. ವಾರಂಟಿ ಇರುವ ವಸ್ತುವಿನ ಬಿಲ್ಲಾದರೆ ತಂದ ದಿನವೇ ಫೋಟೋ ತೆಗೆಯಿರಿ. ಖಾತೆ ನಂಬರ್, ಆಧಾರ್ ನಂಬರ್ ಇರುವ ಕಾಗದ ರದ್ದಿಗೆ ಹೋಗುವ ಮುಂಚೆ ಸಣ್ಣಗೆ ಹರಿಯಿರಿ.

ಲಗ್ನಪತ್ರಿಕೆ, ಹಳೆ ಕ್ಯಾಲೆಂಡರ್, ದೇವರ ಚಿತ್ರ, ಇವನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ. ಅದಕ್ಕೇ ಅವು ದೇವರಮನೆಯ ಮೂಲೆಯಲ್ಲಿ ಬೆಳೆಯುತ್ತಾ ಹೋಗುತ್ತವೆ, ಇಲ್ಲ ಅರಳಿಕಟ್ಟೆಗೋ ಹೊಳೆಗೋ ಹೋಗುತ್ತವೆ. ಎರಡೂ ಬೇಡ. ಚಿತ್ರದ ಭಾಗ ಕತ್ತರಿಸಿ ಬಕೆಟ್ ನೀರಿನಲ್ಲಿ ನೆನೆಹಾಕಿ. ಸಾದಾ ಕಾಗದವಾದರೆ ಕರಗಿ ಮುದ್ದೆಯಾಗುತ್ತದೆ. ಅದನ್ನು ಗಿಡದ ಬುಡದಲ್ಲಿ ಮಣ್ಣು ಮುಚ್ಚಿ. ಕಟ್ಟು, ಗಾಜು ಇದ್ದರೆ ಮೊದಲು ಬಿಡಿಸಿ ತೆಗೆಯಿರಿ.

ಔಷಧಿ ಡಬ್ಬಿ ಮತ್ತು ಕೆಟ್ಟ ಸಾಮಾನು

ಅವಧಿ ಮುಗಿದ ಮಾತ್ರೆ, ಸಿರಪ್ಪು ಬೇರೆ ಕವರಿನಲ್ಲಿ ಕಟ್ಟಿ, "ಔಷಧಿ" ಎಂದು ಬರೆದು ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ. ಹಳೆ ಮಾದರಿಯ ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಪೇಪರಿನಲ್ಲಿ ಸುತ್ತಿ ಕೊಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆ ಹತ್ತಿರ ಇಡಬೇಡಿ. ಇನ್ವರ್ಟರ್ ಬ್ಯಾಟರಿಯನ್ನು ಹೊಸದು ತರುವಾಗ ಅಂಗಡಿಗೇ ವಾಪಸ್ ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಮಾಡುತ್ತಾರೆ. ಹಳೆ ಫೋನ್ ಕೊಡುವ ಮುಂಚೆ ಸಿಮ್, ಮೆಮೊರಿ ಕಾರ್ಡ್ ತೆಗೆದು, ಒಳಗಿನದ್ದೆಲ್ಲ ಅಳಿಸಿ.

ರಿಪೇರಿ ಚೀಲಕ್ಕೆ ಒಂದು ಗಡುವು ಹಾಕಿ. ಮುಂದಿನ ಸಂತೆಯೊಳಗೆ ಅಂಗಡಿಗೆ ಹೋಗದಿದ್ದರೆ ಅದು ಮಾರುವ ಚೀಲಕ್ಕೆ.

ಹಿರಿಯರ ಸಾಮಾನು, ಹಳೆ ಊರಿನ ಸಾಮಾನು

ಎಲ್ಲಕ್ಕಿಂತ ಕೊನೆಗೆ ಇದು. ಬೇರೆ ಜಾಗಗಳಲ್ಲಿ ತೀರ್ಮಾನ ಮಾಡಿ ಮಾಡಿ ಕೈ ಪಳಗಿದ ಮೇಲೆ ಮಾತ್ರ ಇದಕ್ಕೆ ಬನ್ನಿ.

ಬಾಗಲಕೋಟೆಯಲ್ಲಿ ಇದಕ್ಕೊಂದು ಬೇರೆಯೇ ತೂಕ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ಅದರ ಹಿನ್ನೀರು ಹಳೆ ಊರಿನ ಓಣಿಗಳಿಗೆ ಬಂತು. ಜನ ಮನೆ ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದರು. ಬರುವಾಗ ಬಾಗಿಲು, ಕಂಬ, ತೊಲೆ, ಕೈಗೆ ಸಿಕ್ಕದ್ದನ್ನು ಕಿತ್ತು ತಂದವರು ಎಷ್ಟೋ ಮಂದಿ. ಆ ಸಾಮಾನನ್ನು ಹೊರಗಿನವರು ನೋಡಿದರೆ ಹಳೆ ಕಟ್ಟಿಗೆ, ಹಳೆ ಕಬ್ಬಿಣ. ಇಟ್ಟುಕೊಂಡವರಿಗೆ ಅದು ನೀರಿನ ಕೆಳಗೆ ಹೋದ ಮನೆಯಲ್ಲಿ ಉಳಿದಿರುವ ಅಷ್ಟೇ ಭಾಗ. ಅಂಥವರ ಮುಂದೆ ನಿಂತು "ಇದೆಲ್ಲ ಯಾಕ ಇಟ್ಕೊಂಡೀರಿ" ಎಂದು ಕೇಳುವುದು ಸರಿಯಲ್ಲ.

ನಮ್ಮ ಅತ್ತೆಯವರ ಮಂಚದ ಕೆಳಗೆ ಒಂದು ಗಂಟಿತ್ತು. ಒಂದು ದಿನ ಮಧ್ಯಾಹ್ನ ಅವರ ಎದುರಿಗೇ ಬಿಚ್ಚಿದೆವು. ಮೊಳಕೈ ಉದ್ದದ ಕಬ್ಬಿಣದ ಚಿಲಕ, ತುದಿಯಲ್ಲಿ ಸವೆದು ಹೊಳೆಯುವ ಕೊಂಡಿ. ಅಂಗೈ ಅಗಲದ ಮನೆ ನಂಬರಿನ ತಗಡು. ಕೀಲಿಯೇ ಇಲ್ಲದ ಒಂದು ಕೀಲಿಕೈ. ಉಳಿದದ್ದೆಲ್ಲ ಬಿಜಾಗರಿ, ಬಾಗಿದ ಮೊಳೆ.

"ಅತ್ತಿ, ಇದು ಯಾವ ಬಾಗಲದ್ದರಿ?" ಅಂದೆ.

"ಹಳೆ ಊರಿನ ತಲಬಾಗಲದ್ದವಾ. ನಿಮ್ಮ ಮಾವಾರು ತಾವೇ ಕಿತ್ತು ತಂದಿದ್ರು. ಅವತ್ತ ಯಾರ ಕೂಡಾನೂ ಮಾತಾಡಲಿಲ್ಲ ಅವರು."

ಆಮೇಲೆ ಆ ಮನೆಯ ಕಥೆ ಶುರುವಾಯಿತು. ಯಾವ ಕಡೆ ಬಾವಿ, ಯಾವ ಗೂಡಿನಲ್ಲಿ ದೀಪ, ಮಳೆ ಬಂದರೆ ಎಲ್ಲಿ ಸೋರುತ್ತಿತ್ತು. ನಾನು ಫೋನಿನಲ್ಲಿ ಅವರ ದನಿ ಹಿಡಿದಿಟ್ಟುಕೊಂಡೆ. ಕಥೆ ಮುಗಿದ ಮೇಲೆ ಅವರೇ ಮೊಳೆ, ಬಿಜಾಗರಿ ಬೇರೆ ಸರಿಸಿ "ಇವನ್ನ ಮೋಡ್ಕಾದಾಂವಗ ಹಾಕು" ಅಂದರು, ಅಂದರೆ ಗುಜರಿಯವನಿಗೆ. ಚಿಲಕಕ್ಕೆ ಎಣ್ಣೆ ಹಚ್ಚಿ ಈಗಿನ ದೇವರಮನೆ ಬಾಗಿಲಿಗೆ ಹಾಕಿಸಿದ್ದೇವೆ. ದಿನಾ ಬೆಳಗ್ಗೆ ಅದನ್ನು ಅವರೇ ತೆಗೆಯುತ್ತಾರೆ.

ಈ ದಾರಿ ಎಲ್ಲ ಮನೆಗೂ ಹೊಂದುತ್ತದೆ ಎಂದು ನನ್ನ ನಂಬಿಕೆ. ಒಂದು ಸಲಕ್ಕೆ ಒಂದು ಗಂಟು ಅಥವಾ ಒಂದು ಟ್ರಂಕು ಮಾತ್ರ. ಮೊದಲು ಕಥೆ ಕೇಳಿ, ಆಮೇಲೆ ವಸ್ತುವಿನ ಮಾತು. ಫೋಟೋ ತೆಗೆಯಿರಿ, ದನಿ ಹಿಡಿದಿಡಿ. ಒಂದನ್ನಾದರೂ ದಿನಬಳಕೆಗೆ ತನ್ನಿ. ತಾಮ್ರದ ಹಂಡೆ ಕುಂಡವಾಗಬಹುದು, ತೊಲೆಯ ತುಂಡು ಪಡಸಾಲೆಯ ಮಣೆಯಾಗಬಹುದು. ಉಳಿದದ್ದನ್ನು ಅವರ ಕೈಯಿಂದಲೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕೊಡಿಸಿ. ತಾವು ಕೊಟ್ಟೆವು ಅನ್ನುವುದಕ್ಕೂ ತಮ್ಮಿಂದ ಕಿತ್ತುಕೊಂಡರು ಅನ್ನುವುದಕ್ಕೂ ಬಹಳ ಅಂತರವಿದೆ. ಒಮ್ಮೆ ಮನೆಯನ್ನೇ ಕಳೆದುಕೊಂಡವರಿಗೆ ಎರಡನೆಯದು ಮತ್ತೆ ಆಗಬಾರದು. ಅವರು ಮಲಗಿದ್ದಾಗ ಗುಟ್ಟಾಗಿ ಎಸೆಯುವ ಕೆಲಸವನ್ನಂತೂ ಯಾವತ್ತೂ ಮಾಡಬೇಡಿ.

ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇರುವುದರಿಂದ ಇನ್ನೂ ಜಾಗ ಬಿಡಬೇಕಾದ ಊರುಗಳು ನಮ್ಮಲ್ಲಿವೆ. ಅಲ್ಲಿಯವರು ಈಗಿನಿಂದಲೇ, ಅವಸರವಿಲ್ಲದಾಗ, ಹಿರಿಯರ ಜೊತೆ ಕೂತು ಯಾವುದನ್ನು ಒಯ್ಯುವುದು ಎಂದು ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ತೆಗೆದದ್ದು ಎಲ್ಲಿಗೆ?

ತುಂಬಿದ ಚೀಲ ವಾರದೊಳಗೆ ಮನೆ ಬಿಡಬೇಕು. ಬಿಡದಿದ್ದರೆ ಯಾರೋ ಒಬ್ಬರು ಒಳಗೆ ಕೈ ಹಾಕಿ "ಇದು ಛಲೋ ಐತಲ್ಲ" ಎಂದು ವಾಪಸ್ ತೆಗೆಯುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕಥೆ ಪುಸ್ತಕಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಕೇಳಿಕೊಂಡು ಕೊಡಿ. ಅರಿವೆ ಕೊಡುವುದಾದರೆ ಒಗೆದು, ಗುಂಡಿ ಹಚ್ಚಿ ಕೊಡಿ. ನಾವು ಹಾಕಿಕೊಳ್ಳಲು ನಾಚುವಂಥದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಅದು ನೆಲ ಒರೆಸಲು ಹೋಗಲಿ. ಹಳೆ ಅರಿವೆಗೆ ಭಾಂಡೆ ಕೊಡುವವರು ಓಣಿಗೆ ಬಂದರೆ ಅರಿವೆ ಕೊಡಿ, ಆದರೆ ಬದಲಿಗೆ ಬೇಡದ ಬುಟ್ಟಿ, ಬಕೆಟ್ ತೆಗೆದುಕೊಳ್ಳಬೇಡಿ. ನಿಜಕ್ಕೂ ಬೇಕಾದ ಒಂದು ಪಾತ್ರೆ ಸಾಕು. ತಾಮ್ರ, ಹಿತ್ತಾಳೆಗೆ ಒಳ್ಳೆ ಬೆಲೆ ಇದೆ, ಎರಡು ಅಂಗಡಿ ವಿಚಾರಿಸಿ, ಕಣ್ಣೆದುರಿಗೇ ತೂಕ ಹಾಕಿಸಿ. ಮುರಿದ ಕುರ್ಚಿ, ಬಾಗಿಲ ಚೌಕಟ್ಟು ಕಾಮದಹನಕ್ಕೆ ಹೋಗುವುದಿದ್ದರೆ ಬರೀ ಕಟ್ಟಿಗೆ ಇರಲಿ. ಸನ್‌ಮೈಕಾ, ಬಣ್ಣ, ರೆಕ್ಸಿನ್ ಸುಟ್ಟರೆ ಕೆಟ್ಟ ಹೊಗೆ.

ಇದು ಬರೀ ಸಾಮಾನಿನ ವಿಷಯ ಅಲ್ಲ ಅನ್ನಿಸಿದಾಗ

ಕೆಲವರಿಗೆ ಖಾಲಿ ಡಬ್ಬಿ ಬಿಡುವುದೂ ತಾಳಲಾರದ ಸಂಕಟ. ಮಲಗಲು, ಅಡಿಗೆ ಮಾಡಲು, ಓಡಾಡಲು ಜಾಗ ಇಲ್ಲದಷ್ಟು ಮನೆ ತುಂಬಿರುತ್ತದೆ, ಆದರೂ ಬಿಡಲಾಗುವುದಿಲ್ಲ. ಇದು ಹಟ ಅಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿತು. ಇದಕ್ಕೆ ಚಿಕಿತ್ಸೆ ಇದೆ. ಖಿನ್ನತೆ ಇದ್ದವರಿಗೆ ತಟ್ಟೆ ತೊಳೆಯುವುದೂ ಗುಡ್ಡ ಹತ್ತಿದಷ್ಟು ಕಷ್ಟ. ಅಂಥವರ ಮನೆ ಅಸ್ತವ್ಯಸ್ತ ಇದ್ದರೆ ಸೋಮಾರಿ ಅನ್ನಬೇಡಿ. ಮೊದಲು ವೈದ್ಯರ ಹತ್ತಿರ ಕರೆದೊಯ್ಯಿರಿ, ಮನೆಯನ್ನು ಆಮೇಲೆ ನೋಡೋಣ. ವಯಸ್ಸಾದವರು ಇದ್ದಕ್ಕಿದ್ದಂತೆ ಕಂಡದ್ದನ್ನೆಲ್ಲ ಕೂಡಿಡತೊಡಗಿದರೆ ಮರೆವಿನ ಕಾಯಿಲೆಯ ಸೂಚನೆಯೂ ಇರಬಹುದು, ತೋರಿಸಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹತ್ತಿರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ದೊಡ್ಡ ಆಸ್ಪತ್ರೆ ಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಮತ್ತೆ ತುಂಬದಂತೆ

ಒಂದು ಒಳಗೆ ಬಂದರೆ ಒಂದು ಹೊರಗೆ. ಅರಿವೆ, ಪಾತ್ರೆ, ಚಪ್ಪಲಿ, ಈ ಮೂರಕ್ಕೆ ಈ ನಿಯಮ ಗಟ್ಟಿಯಾಗಿ ಹಿಡಿದರೆ ಸಾಕು. ಎಲ್ಲದಕ್ಕೂ ಹಚ್ಚಲು ಹೋದರೆ ಒಂದಕ್ಕೂ ಉಳಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಎಲ್ಲರೂ ಎದ್ದು ಪಡಸಾಲೆಯ ವಸ್ತುಗಳನ್ನು ಅವುಗಳ ಜಾಗಕ್ಕೆ ಸೇರಿಸಿ. ಎಲ್ಲರೂ ಅಂದರೆ ಗಂಡಸರು, ಮಕ್ಕಳು ಸೇರಿ. ಮನೆ ಹೆಣ್ಣುಮಗಳೊಬ್ಬಳೇ ಎದ್ದರೆ ಸಾಮಾನು ಕಮ್ಮಿಯಾದರೂ ಅವಳ ತಲೆಭಾರ ಕಮ್ಮಿಯಾಗುವುದಿಲ್ಲ.

ಆನ್‌ಲೈನಿನಲ್ಲಿ ಕಂಡದ್ದನ್ನು ಆಗಲೇ ತರಿಸಬೇಡಿ. ಹೆಸರು ಬರೆದಿಟ್ಟು ಮುಂದಿನ ಅಮಾವಾಸ್ಯೆವರೆಗೆ ತಡೆಯಿರಿ. ಅಷ್ಟರಲ್ಲಿ ಎಷ್ಟೋ ಆಸೆ ತಾನಾಗಿ ಇಳಿಯುತ್ತದೆ. ಲಗ್ನ, ಮನೆ ಶಾಂತಿಗೆ ಕೊಡುವಾಗ ಗೋಡೆ ಗಡಿಯಾರ, ಗಾಜಿನ ಗೊಂಬೆ ಬಿಟ್ಟು ಲಕೋಟೆಯಲ್ಲಿ ಹಣವನ್ನೋ, ಎರಡು ಕಿಲೋ ಒಳ್ಳೆಯ ಬೆಲ್ಲವನ್ನೋ, ಒಂದು ಗಿಡವನ್ನೋ ಕೊಡಿ. ನಿಮ್ಮ ಮನೆಯ ಕಾರ್ಯಕ್ಕೆ ಕರೆಯುವಾಗಲೂ ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ, "ಏನೂ ತರಬ್ಯಾಡ್ರಿ, ಊಟಕ್ಕ ಬರ್‍ರಿ ಸಾಕು." ಮೊದಮೊದಲು ಯಾರೂ ಕೇಳುವುದಿಲ್ಲ. ಮತ್ತೆ ಹೇಳಿ.